ಚೌಕ ಹರಳಿನ ಬೆಳ್ಳಿ ಕಟ್ಟು ಕೆಟ್ಟರೆ ತಪ್ಪು ಹುಡುಕುವುದು ಹೇಗೆ?

ಆಭರಣದಲ್ಲಿ ಹರಳನ್ನು ಹಿಡಿದಿಡುವ ಬೆಳ್ಳಿ ಕಟ್ಟು ದುಂಡು ಹರಳಿಗೆ ಸಲೀಸಾಗಿ ಬರುತ್ತದೆ. ಅದೇ ಕೈ ಚೌಕ ಹರಳಿಗೆ ಬಂದಾಗ ಎಲ್ಲೋ ಒಂದು ಕಡೆ ಎಡವುತ್ತದೆ. ಮೂಲೆಯಲ್ಲಿ ಮಡಿಕೆ, ತಳದಲ್ಲಿ ಸಂದು, ಒಳಗೆ ಹರಳಿನ ಗಲಗಲ ಸದ್ದು, ಕೆಲವೊಮ್ಮೆ ಹರಳೇ ಚೂರು. ಹರಳಿನ ಸುತ್ತ ನಿಲ್ಲುವ ಪಟ್ಟಿಯನ್ನು, ಅಂದರೆ ಬೆಜೆಲ್ಲನ್ನು, ದುಂಡು ಹರಳಿನ ಮೇಲೆ ಒತ್ತಿದಾಗ ಹೆಚ್ಚಾದ ಬೆಳ್ಳಿ ಸುತ್ತಲೂ ಸಮನಾಗಿ ಹಂಚಿಹೋಗುತ್ತದೆ. ಚೌಕದಲ್ಲಿ ಹಾಗಲ್ಲ. ನೇರ ಬದಿಗಳು ತಕರಾರಿಲ್ಲದೆ ಬಾಗುತ್ತವೆ, ಹೆಚ್ಚಾದದ್ದೆಲ್ಲ ನಾಲ್ಕು ಮೂಲೆಗಳಲ್ಲಿ ಬಂದು ಸೇರಿಕೊಳ್ಳುತ್ತದೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ತಪ್ಪು ಕಾಣುವುದು ಕೊನೆಯ ಹಂತದಲ್ಲಿ, ಆಗಿರುವುದು ಮಾತ್ರ ಎರಡು ಮೂರು ಹಂತ ಹಿಂದೆ. ಕಂಡ ಜಾಗವನ್ನೇ ಒತ್ತಿ, ತಿಕ್ಕಿ, ಅರ ಹಾಕಿ ಸರಿಮಾಡಲು ಹೋದರೆ ಬೆಳ್ಳಿ ತೆಳುವಾಗುತ್ತದೆ, ಕಾರಣ ಹಾಗೇ ಉಳಿಯುತ್ತದೆ. ಆದ್ದರಿಂದ ಕೆಳಗಿನದನ್ನು ನಿಮ್ಮ ಕಣ್ಣಿಗೆ ಬೀಳುವ ಲಕ್ಷಣದ ಪ್ರಕಾರ ಬರೆದಿದ್ದೇನೆ. ನಿಮ್ಮ ತೊಂದರೆ ಯಾವುದೋ ಅಲ್ಲಿಗೆ ನೇರವಾಗಿ ಹೋಗಿ. ಪ್ರತಿ ಭಾಗದಲ್ಲೂ ಖರ್ಚಿಲ್ಲದ ಪರೀಕ್ಷೆ ಮೊದಲು, ಗರಗಸ ಮತ್ತು ಬೆಂಕಿ ಕೊನೆಗೆ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದದ್ದು ಹೆಚ್ಚೇನಿಲ್ಲ. ಒಂದು ವರ್ನಿಯರ್ ಕ್ಯಾಲಿಪರ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ತೆಳು ಮೊನೆಯ ಮಾರ್ಕರ್ ಪೆನ್, ಒಂದಷ್ಟು ಗಟ್ಟಿ ನೂಲು ಮತ್ತು ಒಳ್ಳೆಯ ಬೆಳಕು.

ಹರಳು ಗೂಡಿಗೆ ಇಳಿಯುತ್ತಲೇ ಇಲ್ಲ

ಬೆಜೆಲ್ ಮತ್ತು ಅದರ ತಳದ ತಗಡು ಸೇರಿ ಆಗುವ, ಹರಳು ಕೂರುವ ಜಾಗವೇ ಗೂಡು. ಮೊದಲನೆಯದಾಗಿ, ಒತ್ತಬೇಡಿ. ಒತ್ತಿ ಇಳಿಸಿದ ಹರಳು ಒಳಗೆ ಸಿಕ್ಕಿಕೊಂಡರೆ ಹೊರಗೆ ತೆಗೆಯುವುದು ಇಳಿಸಿದ್ದಕ್ಕಿಂತ ಕಷ್ಟ. ಹರಳಿನ ಕೆಳಗೆ ಅಡ್ಡಡ್ಡಲಾಗಿ ನೂಲು ಹಾಯಿಸಿ, ಎರಡೂ ತುದಿ ಹೊರಗೆ ಬಿಟ್ಟು, ಆಮೇಲೆ ಇಳಿಸಿ ನೋಡಿ. ನೂಲು ಎಳೆದರೆ ಹರಳು ಎದ್ದು ಬರುತ್ತದೆ.

ಇಳಿಯದಿದ್ದರೆ ಹರಳನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಇಳಿಸಿ. ಚೌಕ ಅಂತ ಮಾರುವ ಹರಳು ನಿಜವಾಗಿ ಚೌಕವಾಗಿರುವುದು ಕಡಿಮೆ. ಒಂದು ಬದಿ 10.0 ಮಿಲಿಮೀಟರ್, ಇನ್ನೊಂದು 10.2 ಇರುವುದು ಮಾಮೂಲು. ಕಣ್ಣಿಗೆ ಗೊತ್ತಾಗುವುದಿಲ್ಲ, ಗೂಡಿಗೆ ಮಾತ್ರ ಗೊತ್ತಾಗುತ್ತದೆ. ತಿರುಗಿಸಿದಾಗ ಸರಿಹೋದರೆ ಹರಳಿನ ಒಂದು ಬದಿಗೂ ಗೂಡಿನ ಅದೇ ಬದಿಗೂ ಮಾರ್ಕರ್ ಚುಕ್ಕೆ ಇಟ್ಟುಬಿಡಿ. ಕೆಲಸ ಮುಗಿಯುವವರೆಗೆ ಆ ಚುಕ್ಕೆ ಬೇಕಾಗುತ್ತದೆ.

ತಿರುಗಿಸಿದರೂ ಆಗದಿದ್ದರೆ ಹರಳಿನ ಕೆಳ ಅಂಚಿಗೆ ಸುತ್ತಲೂ ಮಾರ್ಕರ್ ಬಳಿದು, ನೂಲಿನ ಸಮೇತ ಇಳಿಸಿ, ಎಲ್ಲಿ ನಿಲ್ಲುತ್ತದೋ ಅಲ್ಲಿ ಸ್ವಲ್ಪ ಅಲ್ಲಾಡಿಸಿ ತೆಗೆಯಿರಿ. ಮಸಿ ಅಳಿಸಿದ ಜಾಗ ಎಲ್ಲಿ ತಾಗುತ್ತಿದೆ ಅಂತ ಹೇಳುತ್ತದೆ.

ನಾಲ್ಕೂ ಮೂಲೆಗಳಲ್ಲಿ ಮಾತ್ರ ಅಳಿಸಿದ್ದರೆ ಬೆಜೆಲ್ಲಿನ ಒಳಮೂಲೆ ದುಂಡಗಿದೆ, ಹರಳಿನ ಮೂಲೆ ಚೂಪಾಗಿದೆ. ಚೌಕ ಸೂಜಿ ಅರದಿಂದ ಒಳಮೂಲೆಯನ್ನು ಬಿಡಿಸಿದರೆ ಸಾಕು. ಒಂದೇ ಬದಿಯ ನಡುವೆ ಅಳಿಸಿದ್ದರೆ ಆ ಗೋಡೆ ಬೆಸುಗೆ ಹಾಕುವಾಗ ಒಳಕ್ಕೆ ಬಗ್ಗಿದೆ. ಮರದ ಚಪ್ಪಟೆ ಕಡ್ಡಿಯಿಂದ ಒಳಗಿನಿಂದ ಹೊರಕ್ಕೆ ಮೆಲ್ಲಗೆ ತಳ್ಳಿ. ಬಹುತೇಕ ಇಳಿದು ಕೊನೆಯ ಅರ್ಧ ಮಿಲಿಮೀಟರಿನಲ್ಲಿ ನಿಂತರೆ ಅದು ಒಳಗೆ, ಗೋಡೆಯ ಬುಡದಲ್ಲಿ ಹರಿದು ನಿಂತ ಬೆಸುಗೆ. ಬೆಸುಗೆ ಬುಡದಲ್ಲಿ ಸಣ್ಣ ಇಳಿಜಾರು ಮಾಡಿಕೊಳ್ಳುತ್ತದೆ, ಚೂಪು ಅಂಚಿನ ಹರಳು ಅದರ ಮೇಲೆ ಹತ್ತಿ ಕೂರುತ್ತದೆ. ಚಪ್ಪಟೆ ಉಳಿಯಿಂದ ಕೆರೆದು ತೆಗೆಯಿರಿ. ಮುಂದಿನ ಸಲ ಬೆಸುಗೆ ತುಂಡುಗಳನ್ನು ಗೋಡೆಯ ಹೊರಗೆ ಇಡಿ.

ಸುತ್ತಲೂ ಅಳಿಸಿದ್ದರೆ ಪಟ್ಟಿಯ ಉದ್ದವೇ ಕಡಿಮೆಯಾಗಿದೆ. ಇಲ್ಲಿ ಸ್ವಲ್ಪ ಲೆಕ್ಕ ನೋಡಲೇಬೇಕು, ಯಾಕೆಂದರೆ ಚೌಕ ಬೆಜೆಲ್ ಚಿಕ್ಕದಾಗಲು ಮುಖ್ಯ ಕಾರಣ ಇದೇ. ಮೂಲೆ ಮಾಡಲು ಎರಡು ದಾರಿ ಇವೆ. ತೆಳು ಪಟ್ಟಿಯನ್ನು ಇಕ್ಕಳದಲ್ಲಿ ಹಾಗೇ ಬಗ್ಗಿಸುವುದು ಒಂದು. ದಪ್ಪ ಪಟ್ಟಿಗೆ ಒಳಗಡೆ 'ವಿ' ಆಕಾರದ ಗೀರು ಹಾಕಿ ಮಡಿಸುವುದು ಇನ್ನೊಂದು. ಎರಡಕ್ಕೂ ಬೇಕಾಗುವ ಉದ್ದ ಬೇರೆ. ಸುಮ್ನೆ ಬಗ್ಗಿಸಿದರೆ ಹರಳಿನ ನಾಲ್ಕು ಬದಿಗಳ ಮೊತ್ತಕ್ಕೆ ಪಟ್ಟಿಯ ದಪ್ಪದ ಸುಮಾರು ಮೂರು ಪಟ್ಟು ಸೇರಿಸಬೇಕು. ಗೀರು ಹಾಕಿ ಮಡಿಸಿದರೆ ಮಡಿಕೆ ಬೀಳುವುದು ಹೊರಮೈಯಲ್ಲಿ, ಹಾಗಾಗಿ ದಪ್ಪದ ಎಂಟು ಪಟ್ಟು ಸೇರಿಸಬೇಕು. 10 ಮಿಲಿಮೀಟರ್ ಚೌಕಕ್ಕೆ 0.5 ಮಿಲಿಮೀಟರ್ ದಪ್ಪದ ಪಟ್ಟಿ ಅಂದರೆ ಮೊದಲ ದಾರಿಗೆ 41.5, ಎರಡನೆಯದಕ್ಕೆ 44. ಎರಡೂವರೆ ಮಿಲಿಮೀಟರ್ ವ್ಯತ್ಯಾಸ! ತೆಳು ಪಟ್ಟಿಯ ಲೆಕ್ಕದಲ್ಲಿ ದಪ್ಪ ಪಟ್ಟಿ ಕತ್ತರಿಸಿದರೆ ಗೂಡು ಹರಳಿಗಿಂತ ಚಿಕ್ಕದಾಗದೆ ಇರುತ್ತದಾ?

ಇಷ್ಟು ಚಿಕ್ಕದಾದ ಗೂಡನ್ನು ಎಳೆದು ದೊಡ್ಡದು ಮಾಡಲು ಹೋಗಬೇಡಿ, ಮೂಲೆ ಬಿಟ್ಟುಕೊಳ್ಳುತ್ತದೆ. ಹೊಸ ಪಟ್ಟಿ ಕತ್ತರಿಸಿ. ಹಳೆಯದು ಇನ್ನೊಂದು ಚಿಕ್ಕ ಹರಳಿಗೆ ಬರುತ್ತದೆ.

ಹರಳು ಆಗಲೇ ಸಿಕ್ಕಿಕೊಂಡಿದೆ, ನೂಲು ಹಾಕಿರಲಿಲ್ಲ ಅಂತಾದರೆ ಹರಳಿನ ಮೇಲೆ ಗಟ್ಟಿ ಅಂಟುಪಟ್ಟಿ ಒತ್ತಿ ಎಳೆದು ನೋಡಿ. ಗೂಡನ್ನು ಬೋರಲು ಹಿಡಿದು ಮರದ ಮೇಲೆ ಮೆತ್ತಗೆ ತಟ್ಟಿ ನೋಡಿ. ಬರದಿದ್ದರೆ ತಳದ ತಗಡಿಗೆ ತೂತು ಕೊರೆದು, ಹಿಂದಿನಿಂದ ಮರದ ಕಡ್ಡಿಯಲ್ಲಿ ತಳ್ಳಬೇಕು. ಕೊರೆಯುವ ಮೊನೆ ಹರಳಿಗೆ ತಾಗದಂತೆ ನೋಡಿಕೊಳ್ಳಿ. ನನ್ನ ಅಭಿಪ್ರಾಯದಲ್ಲಿ ತಳಕ್ಕೆ ಮೊದಲೇ ಕಿಂಡಿ ಕತ್ತರಿಸುವುದು ಒಳ್ಳೆಯದು. ತೂಕ ಕಡಿಮೆ, ಹರಳಿಗೆ ಬೆಳಕು ಜಾಸ್ತಿ, ಸಿಕ್ಕಿಕೊಂಡರೆ ತಳ್ಳಲು ದಾರಿಯೂ ಸಿದ್ಧ.

ಹರಳು ಕೂತಿದೆ, ಆದರೆ ಅಲ್ಲಾಡುತ್ತಿದೆ

ಹೇಗೆ ಅಲ್ಲಾಡುತ್ತಿದೆ ಅನ್ನುವುದರಲ್ಲೇ ಉತ್ತರ ಇದೆ. ಒಂದು ಮೂಲೆ ಒತ್ತಿದರೆ ಎದುರು ಮೂಲೆ ಏಳುತ್ತಿದೆಯಾ? ಪಕ್ಕಕ್ಕೆ ಜಾರುತ್ತಿದೆಯಾ? ಅಥವಾ ಇದ್ದಲ್ಲೇ ಚೂರು ತಿರುಗುತ್ತಿದೆಯಾ?

ಮೂಲೆ ಏಳುತ್ತಿದ್ದರೆ ಹರಳನ್ನು ಹೊರತೆಗೆದು ಗಾಜಿನ ಮೇಲಿಟ್ಟು ಅದೇ ರೀತಿ ಒತ್ತಿ. ಗಾಜಿನ ಮೇಲೂ ಏಳುತ್ತದೆ ಅಂದರೆ ಹರಳಿನ ತಳವೇ ಸಮವಿಲ್ಲ. ಗಾಜಿನ ಮೇಲೆ ಗಟ್ಟಿಯಾಗಿ ನಿಂತರೆ ಗೂಡಿನ ತಳ ಸೊಟ್ಟಗಿದೆ ಅಥವಾ ಒಂದು ಕಡೆ ಬೆಸುಗೆ ಗಂಟು ಉಳಿದಿದೆ. ಹರಳಿನ ತಳ ಸಮವಿಲ್ಲದಿದ್ದರೆ ಗೂಡಿನೊಳಗೆ ತೆಳು ಬೆಳ್ಳಿ ತಗಡಿನ ಚೂರು ಇಟ್ಟು ಎತ್ತರ ಸರಿಮಾಡಿ. ಮರದ ಹೊಟ್ಟು ತುಂಬುವ ಅಭ್ಯಾಸವೂ ಇದೆ. ನಾನು ಬೇಡ ಅನ್ನುತ್ತೇನೆ, ಒಂದು ಸಲ ನೀರು ಹೋದರೆ ಹೊಟ್ಟು ಉಬ್ಬುತ್ತದೆ, ಆಮೇಲೆ ಕುಗ್ಗುತ್ತದೆ, ಹರಳು ಮತ್ತೆ ಸಡಿಲ.

ಪಕ್ಕಕ್ಕೆ ಜಾರಿದರೆ ಗೂಡು ದೊಡ್ಡದು. ಗೋಡೆಗೂ ಹರಳಿಗೂ ನಡುವೆ ಒಂದು ತೆಳು ಕಾಗದ ಹೋಗುವಷ್ಟು ಜಾಗ ಇದ್ದರೆ ಪರವಾಗಿಲ್ಲ, ಒತ್ತುವಾಗ ಮುಚ್ಚಿಕೊಳ್ಳುತ್ತದೆ. ದಪ್ಪ ರಟ್ಟು ಹೋದರೆ ಮುಂದುವರಿಯಬೇಡಿ. ಅದನ್ನು ಒತ್ತಿ ಮುಚ್ಚಲು ಹೋದರೆ ಮೂಲೆಯಲ್ಲಿ ಮಡಿಕೆ ಗ್ಯಾರಂಟಿ. ಪಟ್ಟಿಯನ್ನು ಇನ್ನೂ ತಳಕ್ಕೆ ಬೆಸೆದಿಲ್ಲ ಅಂದರೆ ಕೆಲಸ ಸುಲಭ: ಕೂಡಿಸಿದ ಜಾಗದಲ್ಲೇ ಗರಗಸದಿಂದ ಕತ್ತರಿಸಿ, ಬೇಕಾದಷ್ಟು ಉದ್ದ ತೆಗೆದು, ಮತ್ತೆ ಬೆಸೆಯಿರಿ. ಕೂಡುವ ಜಾಗ ಯಾವಾಗಲೂ ಬದಿಯ ನಡುವೆ ಇರಲಿ, ಮೂಲೆಯಲ್ಲಿ ಬೇಡ.

ಇದ್ದಲ್ಲೇ ತಿರುಗುವ ಹರಳಿಗೆ ಬದಿಗಳು ತಾಗಿವೆ, ಮೂಲೆಗಳು ಹಿಡಿದಿಲ್ಲ ಅಂತ ಅರ್ಥ. ಮೂಲೆಗಳನ್ನು ಮತ್ತೊಮ್ಮೆ ಒತ್ತಿದರೆ ಸಾಕಾಗುತ್ತದೆ.

ಮುಖ ಕತ್ತರಿಸಿದ ಹರಳು, ಅಂದರೆ ಕೆಳಗೆ ಮೊನಚಾಗಿ ಇಳಿಯುವಂಥದ್ದು ಅಲ್ಲಾಡಿದರೆ ಮೊದಲು ಅದರ ತುದಿ ತಳಕ್ಕೆ ತಾಗುತ್ತಿದೆಯಾ ನೋಡಿ. ಹರಳು ಅದರ ನಡುವಿನ ಅಂಚಿನ ಮೇಲೆ ಕೂರಬೇಕು, ತುದಿಯ ಮೇಲಲ್ಲ.

ಮೂಲೆಯಲ್ಲಿ ಬೆಳ್ಳಿ ಮಡಿಕೆ ಬೀಳುತ್ತಿದೆ

ಎಲ್ಲಕ್ಕಿಂತ ಜಾಸ್ತಿ ಜನ ಒದ್ದಾಡುವುದು ಇಲ್ಲಿ.

ಮೊದಲ ಪ್ರಶ್ನೆ: ಯಾವ ಕ್ರಮದಲ್ಲಿ ಒತ್ತಿದಿರಿ? ಬದಿಗಳನ್ನು ಮೊದಲು ಒತ್ತಿದರೆ ಬೆಳ್ಳಿ ಎರಡೂ ಕಡೆಯಿಂದ ಮೂಲೆಗೆ ಸರಿದು ಬರುತ್ತದೆ. ಆಮೇಲೆ ಮೂಲೆ ಒತ್ತಲು ಹೋದರೆ ಅದಕ್ಕೆ ಹೋಗಲು ಜಾಗವೇ ಇಲ್ಲ, ಕಿವಿಯ ಹಾಗೆ ಹೊರಕ್ಕೆ ಮಡಚಿಕೊಳ್ಳುತ್ತದೆ. ಕ್ರಮ ಉಲ್ಟಾ ಇರಬೇಕು. ಮೂಲೆಗಳು ಮೊದಲು, ಬದಿಗಳು ಆಮೇಲೆ.

ಒಂದು ಮೂಲೆ ಹೇಗೆ ಕೂರಿಸುವುದು ಅಂತ ಬಿಡಿಸಿ ಹೇಳುತ್ತೇನೆ. ಪುಷರ್, ಅಂದರೆ ಬೆಳ್ಳಿಯನ್ನು ಹರಳಿನ ಮೇಲೆ ಒತ್ತುವ ಹಿಡಿಯಿರುವ ಕಡ್ಡಿ, ಅದರ ತುದಿಯನ್ನು ಮೂಲೆಯ ಹೊರಗೆ, ಹರಳಿನ ನಡುವಿನ ಕಡೆಗೆ ಮುಖ ಮಾಡಿ ಇಡಿ. ಹೆಬ್ಬೆರಳು ಆಭರಣದ ಮೇಲೆ ಊರಿಕೊಂಡಿರಲಿ, ಪುಷರ್ ಜಾರಿದರೆ ಹರಳಿನ ಮೇಲೆ ಓಡದಂತೆ ಅದು ತಡೆಯುತ್ತದೆ. ಮೊದಲು ಗೋಡೆಯ ಬುಡದ ಹತ್ತಿರ ಒತ್ತಿ, ಹರಳಿಗೆ ಅಂಟಿಸಿ. ಆಮೇಲೆ ಪುಷರನ್ನು ಸ್ವಲ್ಪ ಮೇಲೆ ತಂದು ಒತ್ತಿ. ಕೊನೆಗೆ ಮೇಲಂಚು. ಒಂದೇ ಸಲಕ್ಕೆ ಮೇಲಂಚನ್ನು ಮಡಿಸಿದರೆ ಕೆಳಗೆ ಟೊಳ್ಳು ಉಳಿಯುತ್ತದೆ, ಹೊರಗೆ ಚೆನ್ನಾಗಿ ಕಂಡರೂ ಹರಳು ಸಡಿಲ. ಒಂದು ಮೂಲೆ ಆದಮೇಲೆ ಪಕ್ಕದ್ದಕ್ಕೆ ಹೋಗಬೇಡಿ, ಎದುರು ಮೂಲೆಗೆ ಹೋಗಿ. ನಾಲ್ಕೂ ಅರ್ಧ ಕೂತಮೇಲೆ ಎರಡನೇ ಸುತ್ತು, ಆಮೇಲೆ ಮೂಲೆಯಿಂದ ಬದಿಯ ನಡುವಿನ ಕಡೆಗೆ ಒತ್ತುತ್ತಾ ಬನ್ನಿ. ಹೆಚ್ಚಾದ ಬೆಳ್ಳಿಯನ್ನು ಬದಿಯ ಉದ್ದಕ್ಕೂ ಹಂಚುವುದೇ ಇಲ್ಲಿಯ ಕೆಲಸ.

ಕ್ರಮ ಸರಿಯಿದ್ದೂ ಮಡಿಕೆ ಬೀಳುತ್ತಿದ್ದರೆ ಗೋಡೆಯ ಎತ್ತರ ನೋಡಿ. ಗೋಡೆ ಹರಳು ಒಳಕ್ಕೆ ಬಾಗಲು ಶುರುವಾಗುವ ಗೆರೆಯನ್ನು ದಾಟಿ ಸ್ವಲ್ಪ ಮೇಲೆ ಬಂದರೆ ಸಾಕು. ಭದ್ರವಾಗಿರಲಿ ಅಂತ ಎತ್ತರ ಬಿಟ್ಟರೆ ಭದ್ರವಾಗುವುದಿಲ್ಲ, ಮಡಿಕೆ ಮಾತ್ರ ಜಾಸ್ತಿಯಾಗುತ್ತದೆ. ಹರಳು ಕೂರಿಸುವ ಮೊದಲು ಮೂಲೆಗಳನ್ನು ಮಾತ್ರ ಬದಿಗಳಿಗಿಂತ ಚೂರು ತಗ್ಗಿಸಿ, ಹೊರಗಿನಿಂದ ಅರ ಹಾಕಿ ಸ್ವಲ್ಪ ತೆಳು ಮಾಡಿ. ಬರೀ ಇದರಿಂದಲೇ ಎಷ್ಟೋ ಕಟ್ಟುಗಳು ಸರಿಹೋಗುತ್ತವೆ.

ಗೋಡೆ 0.5 ಮಿಲಿಮೀಟರಿಗಿಂತ ದಪ್ಪ ಇದ್ದರೆ ಇಷ್ಟೂ ಸಾಲದು. ಮೂಲೆಯನ್ನು ಸೀಳಲೇಬೇಕು. 4/0 ಗರಗಸದ ಎಲೆಯಲ್ಲಿ ಮೂಲೆಯ ಗೆರೆಯ ಮೇಲೆಯೇ ಮೇಲಿನಿಂದ ಕೆಳಕ್ಕೆ ಕೊಯ್ಯಿರಿ, ಹರಳಿನ ಭುಜದ ಮಟ್ಟಕ್ಕೆ, ಅಂದರೆ ಅದು ಒಳಕ್ಕೆ ಬಾಗಲು ಶುರುವಾಗುವಲ್ಲಿ, ನಿಲ್ಲಿಸಿ. ಒತ್ತಿದಾಗ ಸೀಳಿನ ಎರಡು ಅಂಚು ಬಂದು ಕೂಡಿಕೊಳ್ಳುತ್ತವೆ, ಫೋಟೋ ಚೌಕಟ್ಟಿನ ಮೂಲೆಯಂತೆ ಚೊಕ್ಕ ಗೆರೆ ಕಾಣುತ್ತದೆ. ಸೀಳು ಭುಜಕ್ಕಿಂತ ಕೆಳಗೆ ಹೋದರೆ ಮುಚ್ಚಿಕೊಳ್ಳುವುದಿಲ್ಲ, ಅಲ್ಲಿ ಬೆಳಕು ಕಾಣುತ್ತಲೇ ಇರುತ್ತದೆ. ಇದು ಹರಳು ಹೊರಗಿದ್ದಾಗ ಮಾಡುವ ಕೆಲಸ, ಒಳಗಿದ್ದಾಗ ಗರಗಸ ಮುಟ್ಟಬೇಡಿ.

ಮಡಿಕೆ ಆಗಲೇ ಬಿದ್ದಿದ್ದರೆ? ಅದರ ನೆತ್ತಿಯನ್ನು ಒತ್ತಿ ಚಪ್ಪಟೆ ಮಾಡಬೇಡಿ, ಪದರ ಮೇಲೆ ಪದರ ಕೂತು ಅಲ್ಲೇ ಮುರಿಯುತ್ತದೆ. ಬರ್ನಿಷರಿನಿಂದ, ಅಂದರೆ ಲೋಹವನ್ನು ನೀವುವ ನುಣುಪು ಉಕ್ಕಿನ ಕಡ್ಡಿಯಿಂದ, ಮಡಿಕೆಯ ಎರಡು ಪಕ್ಕಗಳಿಂದ ಬದಿಗಳ ಕಡೆಗೆ ನೀವುತ್ತಾ ಸರಿಸಿ. ಸಣ್ಣ ಮಡಿಕೆ ಇದಕ್ಕೇ ಬಗ್ಗುತ್ತದೆ. ದೊಡ್ಡದಾದರೆ ಬೆಜೆಲ್ ಬಿಚ್ಚಿ. ತೆಳು ಚಾಕುವಿನ ಅಲಗನ್ನು ಬದಿಯ ನಡುವೆ ತೂರಿಸಿ ಮೆಲ್ಲಗೆ ಎಬ್ಬಿಸುತ್ತಾ ಮೂಲೆಗೆ ಬನ್ನಿ, ಮೂಲೆಯಿಂದ ಶುರು ಮಾಡಬೇಡಿ. ಅಲಗು ಬೆರಳಿನ ಕಡೆಗೆ ತಿರುಗಿರದಂತೆ ಹಿಡಿಯಿರಿ. 999 ಶುದ್ಧ ಬೆಳ್ಳಿ ಒಂದೆರಡು ಸಲ ಹೀಗೆ ಬಿಚ್ಚಿ ಮುಚ್ಚುವುದನ್ನು ತಡೆದುಕೊಳ್ಳುತ್ತದೆ. ತಾಮ್ರ ಬೆರೆತ 925 ಬೆಳ್ಳಿ ಬೇಗ ಗಟ್ಟಿಯಾಗುತ್ತದೆ, ಅದನ್ನು ಎರಡನೇ ಸಲ ಬಗ್ಗಿಸುವ ಮೊದಲು ಹರಳು ತೆಗೆದು ಕಾಯಿಸಿ ಮೆದು ಮಾಡಬೇಕು.

ಮೂಲೆ ಬಿರುಕು ಬಿಟ್ಟಿದೆ

ಲೂಪಿನಲ್ಲಿ ನೋಡಿ. ಬಿರುಕು ಮೂಲೆಯ ಗೆರೆಯ ಮೇಲೆ ನೇರವಾಗಿದ್ದರೆ 'ವಿ' ಗೀರು ತುಂಬಾ ಆಳ ಹೋಗಿದೆ, ಅಥವಾ ಮಡಿಸಿದಮೇಲೆ ಆ ಗೀರಿಗೆ ಬೆಸುಗೆ ಹರಿಸಿಲ್ಲ. ಗೀರು ಎಷ್ಟು ಆಳ ಇರಬೇಕು ಅಂತ ತಿಳಿಯಲು ಪಟ್ಟಿಯ ಹಿಂಭಾಗ ನೋಡುತ್ತಾ ಅರ ಹಾಕಿ. ಹಿಂದೆ ಸಣ್ಣ ಗೆರೆ ಉಬ್ಬಿ ಕಾಣಲು ಶುರುವಾದ ಕೂಡಲೇ ನಿಲ್ಲಿಸಿ. ಮಡಿಸುವುದು ಒಂದೇ ಸಲ. ಹಿಂದೆ ಮುಂದೆ ಆಡಿಸಿದರೆ ತುಂಡಾಗುತ್ತದೆ. ಮಡಿಸಿದ ಪ್ರತಿ ಮೂಲೆಗೂ ಒಳಗಿನಿಂದ ಗಟ್ಟಿ ಬೆಸುಗೆ, ಅಂದರೆ ಹೆಚ್ಚು ಬಿಸಿಗೆ ಕರಗುವಂಥದ್ದು, ಹರಿಸಲೇಬೇಕು, ಇದನ್ನು ಬಿಟ್ಟರೆ ಮೂಲೆ ಕಾಗದದಷ್ಟು ತೆಳು.

ಬಿರುಕು ಅಡ್ಡಾದಿಡ್ಡಿ, ಒಂದಕ್ಕಿಂತ ಹೆಚ್ಚು ಕಡೆ ಇದ್ದರೆ ಬೆಳ್ಳಿ ಬಗ್ಗಿಸಿ ಬಗ್ಗಿಸಿ ಗಟ್ಟಿಯಾಗಿದೆ. ಕಾಯಿಸಿ ಮೆದು ಮಾಡದೆ ಕೆಲಸ ಮುಂದುವರಿಸಿದ್ದೀರಿ ಅಂತ ಅರ್ಥ. 925 ಬೆಳ್ಳಿಗೆ ಸುಮಾರು 650 ಡಿಗ್ರಿ ಸೆಲ್ಸಿಯಸ್ ಬೇಕು. ಮಂದ ಬೆಳಕಿನಲ್ಲಿ ನೋಡಿದರೆ ಮಸುಕು ಕೆಂಪು ಆಗಷ್ಟೇ ಕಾಣುತ್ತದೆ. ಪ್ರಖರ ಬೆಳಕಿನಲ್ಲಿ ಆ ಕೆಂಪು ಕಾಣುವುದೇ ಇಲ್ಲ, ಕಾಣುವ ಹೊತ್ತಿಗೆ ಕರಗುವ ಹತ್ತಿರ ಬಂದಿರುತ್ತದೆ. ಆದ್ದರಿಂದ ಬೆಸುಗೆಯ ಜಾಗ ಸ್ವಲ್ಪ ಕತ್ತಲೆ ಇರಲಿ. ಮತ್ತೆ ಹೇಳುತ್ತೇನೆ, ಹರಳು ಒಳಗಿರುವಾಗ ಬೆಂಕಿ ಬೇಡ.

ಗೋಡೆಯ ಬುಡದಲ್ಲಿ ಸಂದು, ಬೆಸುಗೆ ಒಂದೇ ಕಡೆ ಓಡಿದೆ

ಗೂಡನ್ನು ಬೆಳಕಿಗೆ ಹಿಡಿದು ಬುಡದ ಸುತ್ತ ನೋಡಿ. ಬೆಳಕು ತೂರಿ ಬಂದ ಜಾಗವೇ ಸಂದು. ಚೌಕದಲ್ಲಿ ಅದು ಹೆಚ್ಚಾಗಿ ಎರಡು ಕಡೆ ಇರುತ್ತದೆ, ಬದಿಯ ನಡುವೆ ಅಥವಾ ಮೂಲೆಯಲ್ಲಿ.

ಬದಿಯ ನಡುವೆ ಇದ್ದರೆ ಉದ್ದ ಗೋಡೆ ಕಾದಾಗ ಬಿಲ್ಲಿನಂತೆ ಬಾಗಿದೆ. ಬಗ್ಗಿಸುವಾಗ ಬೆಳ್ಳಿಯಲ್ಲಿ ಉಳಿದ ಬಿಗಿ ಬಿಸಿಗೆ ಸಡಿಲಾಗಿ ಹೀಗಾಗುತ್ತದೆ. ಬೆಸೆಯುವ ಮೊದಲೇ ಒಂದು ಸಲ ಕಾಯಿಸಿ ಮೆದು ಮಾಡಿ, ನೇರ ಮಾಡಿ, ಆಮೇಲೆ ಬುಡವನ್ನು ಸಮ ಮಾಡಿಕೊಳ್ಳಿ. ಗಾಜಿನ ಮೇಲೆ 400 ನಂಬರ್ ಸ್ಯಾಂಡ್‌ಪೇಪರ್ ಇಟ್ಟು, ಗೂಡನ್ನು 8ರ ಆಕಾರದಲ್ಲಿ ತಿಕ್ಕಿ. ತಿಕ್ಕುವ ಮೊದಲು ಬುಡಕ್ಕೆ ಮಾರ್ಕರ್ ಬಳಿದರೆ ಎಲ್ಲಿ ಇನ್ನೂ ತಾಗಿಲ್ಲ ಅಂತ ಮಸಿಯೇ ತೋರಿಸುತ್ತದೆ. ಮೂಲೆಯಲ್ಲಿ ಸಂದು ಇದ್ದರೆ ತಳದ ತಗಡು ಸೊಟ್ಟಗಿರುವ ಸಾಧ್ಯತೆ ಜಾಸ್ತಿ. ಬೆಸುಗೆ ಸಂದು ತುಂಬುವ ವಸ್ತು ಅಲ್ಲ. ಎರಡು ಲೋಹ ತಾಗಿದ ಕಡೆ ಮಾತ್ರ ಅದು ಎಳೆದುಕೊಂಡು ಹರಿಯುತ್ತದೆ.

ಸಂದು ಇಲ್ಲದೆಯೂ ಬೆಸುಗೆ ಒಂದೇ ಕಡೆ ಓಡಿದ್ದರೆ ಬಿಸಿ ಅಲ್ಲಿ ಜಾಸ್ತಿ ಇತ್ತು. ಬೆಸುಗೆ ಯಾವಾಗಲೂ ಬಿಸಿ ಇರುವ ಕಡೆಗೆ ಹೋಗುತ್ತದೆ. ಗೋಡೆಯ ಮೇಲೆ ಹತ್ತಿ ಹೋಗಿದ್ದರೆ ನೀವು ಗೋಡೆಯನ್ನು ಕಾಯಿಸಿದ್ದೀರಿ. ತೆಳು ಗೋಡೆ ಬೇಗ ಕಾಯುತ್ತದೆ, ದಪ್ಪ ತಗಡು ತಡವಾಗಿ. ಆದ್ದರಿಂದ ಜ್ವಾಲೆ ತಗಡಿನ ಮೇಲೆ ಸುತ್ತುತ್ತಿರಲಿ, ಸಾಧ್ಯವಾದರೆ ತಂತಿಬಲೆಯ ಮೇಲಿಟ್ಟು ಕೆಳಗಿನಿಂದ ಕಾಯಿಸಿ.

ಬೆಸುಗೆ ಉಂಡೆಯಾಗಿ ನಿಂತು ಹರಿಯಲೇ ಇಲ್ಲವೆಂದರೆ ಕೊಳೆ ಇದೆ ಅಥವಾ ಬಿಳಿಗಾರ ಸಾಲದು. ಬೆರಳಿನ ಜಿಡ್ಡು ಸಾಕು ಕೆಡಿಸಲು. ತಣ್ಣಗಾಗಲು ಬಿಟ್ಟು, ಪಿಕಲ್ ದ್ರಾವಣದಲ್ಲಿ, ಅಂದರೆ ಕರಕು ತೆಗೆಯುವ ಆಮ್ಲದ ನೀರಿನಲ್ಲಿ ತೊಳೆದು, ಹೊಸದಾಗಿ ಬಿಳಿಗಾರ ಹಚ್ಚಿ ಶುರು ಮಾಡಿ. ಬರೀ ಬಿಸಿ ಹೆಚ್ಚಿಸಿದರೆ ಗೋಡೆ ಕರಗುತ್ತದೆ. ತಯಾರಕರಿಂದ ತಯಾರಕರಿಗೆ ಸ್ವಲ್ಪ ಹೆಚ್ಚುಕಡಿಮೆ ಆದರೂ ಗಟ್ಟಿ ಬೆಸುಗೆ ಹರಿಯುವುದು 780 ಡಿಗ್ರಿ ಆಸುಪಾಸು, 925 ಬೆಳ್ಳಿ ಕರಗಲು ಶುರುವಾಗುವುದು ಸುಮಾರು 800ಕ್ಕೆ. ನಡುವಿನ ಅಂತರ ಎಷ್ಟು ಕಡಿಮೆ ನೋಡಿ. ಶುದ್ಧ ಬೆಳ್ಳಿ 961 ಡಿಗ್ರಿವರೆಗೂ ತಡೆಯುತ್ತದೆ, ಅದಕ್ಕೇ ತೆಳು ಬೆಜೆಲ್ಲಿಗೆ ಅದು ಒಳ್ಳೆಯದು. ಮೂಲೆಗಳಿಗೆ ಗಟ್ಟಿ ಬೆಸುಗೆ, ತಳಕ್ಕೆ ಮಧ್ಯಮ, ಕೊನೆಯ ಕೊಂಡಿಗೆ ಬೇಗ ಕರಗುವಂಥದ್ದು ಹೀಗೆ ಇಳಿಯುತ್ತಾ ಬಂದರೆ ಹಿಂದಿನ ಬೆಸುಗೆ ಬಿಟ್ಟುಕೊಳ್ಳುವುದಿಲ್ಲ.

ಇಲ್ಲಿ ಎಚ್ಚರಿಕೆ ಮುಖ್ಯ. ಕ್ಯಾಡ್ಮಿಯಂ ಇರುವ ಬೆಸುಗೆ ಬಳಸಬೇಡಿ, ಅದರ ಹೊಗೆ ಶ್ವಾಸಕೋಶಕ್ಕೆ ವಿಷ. ಪೊಟ್ಟಣದ ಮೇಲೆ ಕ್ಯಾಡ್ಮಿಯಂ ಇಲ್ಲ ಅಂತ ಬರೆದಿರದಿದ್ದರೆ ಕೊಳ್ಳಬೇಡಿ. ಕಿಟಕಿ ತೆರೆದಿರಲಿ, ಗಾಳಿ ಹೊರಕ್ಕೆ ಹೋಗುತ್ತಿರಲಿ, ಕನ್ನಡಕ ಹಾಕಿ, ಕೂದಲು ಕಟ್ಟಿ. ಆಮ್ಲದ ಪುಡಿಯನ್ನು ನೀರಿಗೆ ಹಾಕಬೇಕು, ನೀರನ್ನು ಪುಡಿಗೆ ಸುರಿಯಬಾರದು. ಕೆಂಪಗೆ ಕಾದ ಬೆಳ್ಳಿಯನ್ನು ನೇರ ಪಿಕಲ್ಲಿಗೆ ಹಾಕಿದರೆ ಆಮ್ಲ ಸಿಡಿಯುತ್ತದೆ, ಮೊದಲು ನೀರಲ್ಲಿ ಆರಿಸಿ. ಗೂಡಿನ ಕೆಳಗೆ ಟೊಳ್ಳು ಪೆಟ್ಟಿಗೆ ಮಾಡುತ್ತಿದ್ದರೆ ಅದಕ್ಕೆ ಗಾಳಿ ಹೋಗುವ ತೂತು ಬಿಡಲೇಬೇಕು. ಮುಚ್ಚಿದ ಪೆಟ್ಟಿಗೆ ಕಾದರೆ ಒಳಗಿನ ಗಾಳಿ ಹಿಗ್ಗಿ ಸಿಡಿಯಬಹುದು.

ಒತ್ತುವಾಗ ಹರಳೇ ಒಡೆಯಿತು

ಎಲ್ಲಿ ಒಡೆದಿದೆ ನೋಡಿ. ಮೂಲೆಯ ತುದಿ ಹಾರಿದ್ದರೆ ಆ ತುದಿ ನೇರವಾಗಿ ಲೋಹಕ್ಕೆ ತಾಗಿತ್ತು. ಚೌಕ ಹರಳಿನ ಮೂಲೆ ಅದರ ಅತಿ ದುರ್ಬಲ ಜಾಗ, ಅಲ್ಲಿ ಭಾರ ಬೀಳಬಾರದು. ಹರಳು ಕೂರುವ ಮೆಟ್ಟಿಲಿನಲ್ಲಿ ಪ್ರತಿ ಮೂಲೆಯ ಹಿಂದೆ ಸಣ್ಣ ಗುಂಡು ಬರ್‌ನಿಂದ, ಅಂದರೆ ತಿರುಗುತ್ತಾ ಕೊರೆಯುವ ಮೊನೆಯಿಂದ, ಒಂದು ಚುಕ್ಕೆ ಕೊರೆಯಿರಿ. ತುದಿ ಆ ಖಾಲಿಯಲ್ಲಿ ತೇಲುತ್ತದೆ, ಹಿಡಿತ ಮೂಲೆಯ ಎರಡು ಪಕ್ಕಗಳಲ್ಲಿ ಮಾತ್ರ. ಇದನ್ನು ಮಾಡುವುದು ಒಂದೆರಡು ನಿಮಿಷದ ಕೆಲಸ, ಉಳಿಸುವುದು ಇಡೀ ಹರಳನ್ನು.

ಹರಳು ನಡುವೆ ಸೀಳಿದ್ದರೆ ಕೆಳಗೆ ಟೊಳ್ಳಿತ್ತು ಅಥವಾ ಮೊದಲೇ ಒಳಗೆ ಬಿರುಕಿತ್ತು. ಕೂರಿಸುವ ಮೊದಲು ಹರಳನ್ನು ಬೆಳಕಿನ ಮೇಲೆ ಹಿಡಿದು ಲೂಪಿನಲ್ಲಿ ಮೂಲೆಗಳನ್ನು ನೋಡಿ, ಅಲ್ಲಿ ಗೆರೆ ಕಂಡರೆ ಆ ಹರಳಿಗೆ ಸುತ್ತಿಗೆ ಬೇಡ, ಕೈಯಲ್ಲಿ ಒತ್ತುವ ತೆಳು ಬೆಜೆಲ್ ಸಾಕು.

ಗಡಸುತನ ನೋಡಿ ಧೈರ್ಯ ಮಾಡಬೇಡಿ. ಮೋಹ್ಸ್ ಅಳತೆಯಲ್ಲಿ ಟೋಪಾಜ್ 8, ಆದರೆ ಅದು ಒಂದು ದಿಕ್ಕಿನಲ್ಲಿ ಸಲೀಸಾಗಿ ಸೀಳುತ್ತದೆ. ನೆಫ್ರೈಟ್ ಜೇಡ್ 6ರಿಂದ 6.5 ಅಷ್ಟೇ, ಒಡೆಯಲು ಮಾತ್ರ ತುಂಬಾ ಕಷ್ಟ. ಗೀರು ಬೀಳದಿರುವುದು ಬೇರೆ, ಪೆಟ್ಟು ತಡೆಯುವುದು ಬೇರೆ, ಅಲ್ವಾ? ಓಪಲ್, ಟರ್ಕ್ವಾಯ್ಸ್, ಅಂಬರ್, ಮುತ್ತು, ಹವಳ ಇವುಗಳಿಗೆ ಬಿಸಿಯೂ ಬೇಡ, ಅಲ್ಟ್ರಾಸಾನಿಕ್ ತೊಳೆಯುವ ಯಂತ್ರವೂ ಬೇಡ. ಪಚ್ಚೆಗೂ ಆ ಯಂತ್ರ ಆಗುವುದಿಲ್ಲ.

ಹರಳಿನ ಅಂಚನ್ನೇ ಸ್ವಲ್ಪ ತಿಕ್ಕಿ ಸರಿಮಾಡಬೇಕಾದರೆ ಡೈಮಂಡ್ ಅರ ಬಳಸಿ, ನೀರು ಹಾಕುತ್ತಾ ತಿಕ್ಕಿ. ಒಣ ಧೂಳು ಒಳಗೆ ಹೋಗಬಾರದು. ಸ್ಫಟಿಕ, ಅಗೇಟ್ ಧೂಳಿನಲ್ಲಿ ಸಿಲಿಕಾ, ಮ್ಯಾಲಕೈಟ್ ಧೂಳಿನಲ್ಲಿ ತಾಮ್ರ ಇರುತ್ತದೆ.

ತ್ರಿಕೋನ, ಹನಿ, ಒರಟು ಹರಳು: ಪ್ರಾಂಗ್ ಹಿಡಿಯುತ್ತಿಲ್ಲ, ಬಟ್ಟೆಗೆ ಸಿಕ್ಕುತ್ತಿದೆ

ಪ್ರಾಂಗ್ ಅಂದರೆ ಬೆಜೆಲ್ ಬದಲು ಹರಳನ್ನು ಅಲ್ಲಲ್ಲಿ ಹಿಡಿಯುವ ಲೋಹದ ಕೊಕ್ಕೆ. ಹರಳು ಒಂದೇ ದಿಕ್ಕಿಗೆ ಜಾರುತ್ತಿದ್ದರೆ ಆ ದಿಕ್ಕಿಗೆ ಎದುರು ನಿಲ್ಲುವ ಪ್ರಾಂಗ್ ಇಲ್ಲ. ಒಂದೊಂದು ಪ್ರಾಂಗೂ ಹರಳನ್ನು ಯಾವ ಕಡೆಗೆ ತಳ್ಳುತ್ತದೆ ಅಂತ ಕಾಗದದ ಮೇಲೆ ಬಾಣ ಹಾಕಿ ನೋಡಿ. ಬಾಣಗಳು ಒಂದನ್ನೊಂದು ತಡೆಯಬೇಕು. ಪ್ರಾಂಗ್‌ಗಳು ಎಷ್ಟಿವೆ ಅನ್ನುವುದಕ್ಕಿಂತ ಎಲ್ಲಿವೆ ಅನ್ನುವುದು ಮುಖ್ಯ. ಮೂರಕ್ಕಿಂತ ಕಡಿಮೆ ಮಾತ್ರ ಬೇಡ.

ಒರಟು ಹರಳಿಗೆ ಮೊದಲು ತೆಳು ತಾಮ್ರದ ತಂತಿಯಲ್ಲಿ ಪ್ರಾಂಗ್ ಮಾಡಿ ಸುತ್ತಿ, ಬೋರಲು ಮಾಡಿ ಅಲ್ಲಾಡಿಸಿ. ತಂತಿ ಹಿಡಿದ ಜಾಗಗಳನ್ನೇ ಬೆಳ್ಳಿಯಲ್ಲೂ ಇಟ್ಟುಕೊಳ್ಳಿ. ಒರಟು ಹರಳಿನಲ್ಲಿ ಹಿಡಿತ ಸಿಗುವುದು ಅದರ ತಗ್ಗುಗಳಲ್ಲಿ, ಉಬ್ಬುಗಳಲ್ಲಲ್ಲ.

ಚೂಪು ತುದಿ ಇರುವ ಹರಳಿಗೆ ತುದಿಯ ಮೇಲೆ ದುಂಡು ತಂತಿ ಹಾಕಬೇಡಿ, 'ವಿ' ಆಕಾರದ ಪ್ರಾಂಗ್ ಹಾಕಿ. ಒಳಗೆ ತುದಿಗೆ ಖಾಲಿ ಜಾಗ ಬಿಡುವುದು ಇಲ್ಲೂ ಬೇಕು.

ಬಟ್ಟೆಗೆ ಸಿಕ್ಕುತ್ತಿದೆಯಾ ಅಂತ ನೋಡಲು ಹತ್ತಿಯ ಚೂರನ್ನು ಎಲ್ಲ ದಿಕ್ಕಿನಿಂದ ಹರಳಿನ ಮೇಲೆ ಎಳೆಯಿರಿ. ಎಳೆ ಉಳಿದ ಜಾಗದಲ್ಲಿ ಪ್ರಾಂಗಿನ ತುದಿ ಹರಳಿಗೆ ತಾಗಿಲ್ಲ. ಒತ್ತಿ ತಾಗಿಸಿ, ಆಮೇಲೆ ತುದಿ ದುಂಡಗೆ ಮಾಡಿ. ತಾಗಿಸದೆ ಬರೀ ಅರ ಹಾಕಿದರೆ ಎಳೆ ಸಿಕ್ಕುವುದು ನಿಲ್ಲುತ್ತದೆ, ಹರಳು ಬೀಳುವುದು ನಿಲ್ಲುವುದಿಲ್ಲ.

ಬೆಳ್ಳಿ ಮೇಲೆ ಬೂದು ನೆರಳು, ಗುಲಾಬಿ ಕಲೆ

ಪಾಲಿಶ್ ಮಾಡಿದಷ್ಟೂ ಬೂದು ಮಿಶ್ರಿತ ನೇರಳೆ ನೆರಳು ಎದ್ದು ಕಂಡರೆ ಅದು 925 ಬೆಳ್ಳಿಯಲ್ಲಿರುವ ತಾಮ್ರ ಬಿಸಿಗೆ ಮೇಲ್ಮೈಯ ಕೆಳಗೆ ಕರಕಾದದ್ದು. ತಿಕ್ಕಿ ತೆಗೆಯಬೇಕು, ಬೇರೆ ದಾರಿ ಕಡಿಮೆ. ತೆಳು ಬೆಜೆಲ್ ಆದರೆ ಜಾಸ್ತಿ ತಿಕ್ಕಬೇಡಿ. ಗುಲಾಬಿ ಬಣ್ಣ ಬಂದರೆ ಪಿಕಲ್ಲಿಗೆ ಕಬ್ಬಿಣದ ಚಿಮಟ ಹೋಗಿದೆ, ಅದಕ್ಕೆ ತಾಮ್ರ ಅಥವಾ ಪ್ಲಾಸ್ಟಿಕ್ ಚಿಮಟವೇ ಇರಲಿ. ಇದನ್ನೆಲ್ಲ ಹರಳು ಕೂರಿಸುವ ಮೊದಲೇ ನೋಡಿಕೊಳ್ಳಿ.

ಎಲ್ಲಿ ನಿಲ್ಲಿಸಬೇಕು

ಮೂಲೆ ಎರಡನೇ ಸಲ ಬಿರುಕು ಬಿಟ್ಟರೆ ರಿಪೇರಿ ಬಿಡಿ, ಹೊಸ ಪಟ್ಟಿ ಮಾಡಿ. ಅದೇ ಬೆಸುಗೆಯನ್ನು ಮತ್ತೆ ಮತ್ತೆ ಕಾಯಿಸಿ ಸಣ್ಣ ಸಣ್ಣ ಗುಂಡಿ ಬಿದ್ದಿದ್ದರೂ ಹಾಗೇ. ಹರಳಿನಲ್ಲಿ ಹೊಸ ಗೆರೆ ಕಂಡರೆ ಆ ಕ್ಷಣ ಕೈ ತೆಗೆಯಿರಿ, ಇನ್ನೊಂದು ಒತ್ತಿಗೆ ಅದು ಎರಡಾಗುತ್ತದೆ.

ಹರಳು ಬೇರೆಯವರದ್ದು, ಮತ್ತೆ ಸಿಗದಂಥದ್ದು, ಅಥವಾ ಏನು ಹರಳು ಅಂತಲೇ ಗೊತ್ತಿಲ್ಲ ಅಂದರೆ ಅನುಭವ ಇರುವ ಹರಳು ಕೂರಿಸುವವರ ಕೈಗೆ ಕೊಡಿ. ಹರಳು ಒಳಗಿರುವಂತೆಯೇ ಬೆಸುಗೆ ಬೇಕಾದರೆ ಲೇಸರ್ ವೆಲ್ಡಿಂಗ್ ಇರುವವರ ಹತ್ತಿರ ಹೋಗಿ, ಗ್ಯಾಸ್ ಜ್ವಾಲೆಯಲ್ಲಿ ಪ್ರಯತ್ನಿಸಬೇಡಿ. ಕೊಡುವಾಗ ಬೆಳ್ಳಿ 925 ಅಥವಾ 999, ಯಾವ ಬೆಸುಗೆ ಹಾಕಿದ್ದೀರಿ, ಹರಳಿನ ಕೆಳಗೆ ತಗಡು ಚೂರು, ಹೊಟ್ಟು ಅಥವಾ ಅಂಟು ಏನಾದರೂ ಇದೆಯಾ ಅಂತ ಹೇಳಿ. ಅಂಟು ಇದೆ ಅಂತ ಹೇಳದೆ ಕೊಟ್ಟರೆ ಅವರು ಕಾಯಿಸಿದಾಗ ಬರುವ ಹೊಗೆ ಅವರ ಮುಖಕ್ಕೇ ಹೊಡೆಯುತ್ತದೆ.